ಸೇತುವೆ ಮುರಿದೇ ಇರಲಿ

ಬರೀ ಜಗಳಕ್ಕೆ ಹೋಗುವವಳು ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಒಡಾಲಿಸ್ ನಿಂತಿದ್ದಳು. ಹಳದಿ ಅಂಗಿ ತೊಟ್ಟು ತೆಗೆದಳು, ನೀಲಿಯದು ತೊಟ್ಟು ತೆಗೆದಳು, ಮತ್ತೆ ಹಳದಿಯದನ್ನೇ ತೊಟ್ಟಳು. ಕಿವಿಗೆ ಕಂದೀಲಿನಾಕಾರದ ಪುಟ್ಟ ಓಲೆ ಸಿಕ್ಕಿಸಿಕೊಂಡಳು.

"ಜಗಳಕ್ಕೆ ಹೋಗ್ತಿರೋದು ಕಣೇ, ಮದುವೆಗಲ್ಲ," ಎಂದು ಕನ್ನಡಿಯೊಳಗಿನವಳನ್ನು ಗದರಿಸಿ ಕಾರಿನ ಕೀಲಿ ಎತ್ತಿಕೊಂಡಳು.

ಜಗಳ ಒಂದು ಸೇತುವೆಯದು. 'ಏಳು ಕಂದೀಲು' ಸಿನಿಮಾಗಳನ್ನು ನೋಡಿದವರಿಗೆಲ್ಲ ಆ ಸೇತುವೆ ಗೊತ್ತು. ಆಳವಾದ ಕಂದರದ ಮೇಲಿನ ಕಲ್ಲಿನ ಸೇತುವೆ ನಟ್ಟನಡುವೆ ಮುರಿದು ಬಿದ್ದಿರುತ್ತದೆ. ಈ ತುದಿಯಲ್ಲಿ ಇಲ್ವಾ ಎಂಬ ಹುಡುಗಿ, ಆ ತುದಿಯಲ್ಲಿ ಒರೆನ್ ಎಂಬ ಹುಡುಗ. ಸಂಜೆಯಾದರೆ ಇಬ್ಬರೂ ಬಂದು ಕಾಲು ಇಳಿಬಿಟ್ಟು ಕೂತು ಮಾತಾಡುತ್ತಾರೆ. ಅವನು ಕಿತ್ತಳೆ ಎಸೆಯುತ್ತಾನೆ, ಅವಳು ಹಿಡಿಯುತ್ತಾಳೆ. ನಾಲ್ಕು ಸಿನಿಮಾ ಮುಗಿದರೂ ಅವರು ದಾಟುವುದಿಲ್ಲ. ಆ ದೃಶ್ಯಕ್ಕೆ ಅಳದವರನ್ನು ಒಡಾಲಿಸ್ ಮನುಷ್ಯರೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಈಗ ಅಮೆರಿಕದ ಒರ್ಲ್ಯಾಂಡೊದ ಮನರಂಜನಾ ಪಾರ್ಕಿನವರು ಆ ಸಿನಿಮಾದ ಊರನ್ನೇ ಕಟ್ಟಲು ಹೊರಟಿದ್ದರು. ಅವರು ಬಿಡುಗಡೆ ಮಾಡಿದ ವಿನ್ಯಾಸದ ಚಿತ್ರ ನೋಡಿ ಒಡಾಲಿಸ್‌ಳ ಎದೆ ಒಡೆಯಿತು. ಅದರಲ್ಲಿ ಸೇತುವೆ ಈ ದಡದಿಂದ ಆ ದಡದವರೆಗೆ ಇಡಿಯಾಗಿತ್ತು. ಜನ ಐಸ್‌ಕ್ರೀಮ್ ನೆಕ್ಕುತ್ತ ಅದರ ಮೇಲೆ ಓಡಾಡುತ್ತಿದ್ದರು! ಆ ದಿನವೇ ಅವಳು 'ಸೇತುವೆ ಮುರಿದೇ ಇರಲಿ' ಎಂದು ಅಂತರ್ಜಾಲದಲ್ಲಿ ಒಂದು ಮನವಿ ಶುರು ಮಾಡಿದಳು. ಸಹಿಗಳು ಮಳೆಯಂತೆ ಸುರಿದವು. ಸಿನಿಮಾದ ಅಭಿಮಾನಿ ಬಳಗದಲ್ಲಿ 'ಕಿತ್ತಳೆ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವಳು ರಾತ್ರೋರಾತ್ರಿ ನಾಯಕಿಯಾದಳು.

ಮರುದಿನ 'ಆಚೆದಡ' ಎಂಬ ಹೆಸರಿನವನೊಬ್ಬ ಅದರ ಕೆಳಗೆ ಬರೆದ: "ಮುರುಕು ಸೇತುವೆ ಕಟ್ಟೋಕೆ ಇಂಜಿನಿಯರ್ ಯಾಕೆ? ನನ್ನ ಚಿಕ್ಕಪ್ಪನ್ನ ಕರೀರಿ. ಅವನು ಕಟ್ಟಿದ್ದೆಲ್ಲ ತಾನಾಗೇ ಮುರಿಯುತ್ತೆ."

ಅಲ್ಲಿಂದ ಶುರುವಾಯಿತು. ಎಣ್ಣೆ ಸೀಗೇಕಾಯಿ ಸಂಬಂಧ. ಒಡಾಲಿಸ್ ಪಕ್ಕದ ಕಿಸ್ಸಿಮ್ಮಿ ಊರಿನ ದಂತವೈದ್ಯರೊಬ್ಬರ ಬಳಿ ಹಲ್ಲು ಶುಚಿ ಮಾಡುವ ಕೆಲಸದವಳು. ಎದುರಿನವರ ಬಾಯಿಗೆ ಹತ್ತಿಯಿಟ್ಟು ಮಾತಾಡುವವಳಿಗೆ ಎದುರುತ್ತರ ಕೇಳಿ ಅಭ್ಯಾಸವಿರಲಿಲ್ಲ. ಇವನು ಒಂದಕ್ಕೆ ಎರಡು ಕೊಡುತ್ತಿದ್ದ. ಇವಳು ಸಿಟ್ಟಿನಲ್ಲಿ ನಾಲ್ಕು ಬರೆಯುತ್ತಿದ್ದಳು. ಊಟದ ಬಿಡುವಿನಲ್ಲಿ ಅವನ ಉತ್ತರ ಬಂದಿದೆಯೇ ಎಂದು ನೋಡುವುದು, ಬರದಿದ್ದರೆ ಸ್ಯಾಂಡ್‌ವಿಚ್ ರುಚಿಸದಿರುವುದು, ಎಲ್ಲ ಶುರುವಾಯಿತು. ಒಮ್ಮೆ ಅವಳು ರೇಗಿ, "ಆಚೆ ಹೋಗ್ಬೇಕು ಅಂದ್ರೆ ಸುತ್ತು ಹಾಕ್ಕೊಂಡು ಹೋಗಿ. ಕಾಲಿಲ್ವಾ ನಿಮಗೆ?" ಎಂದು ಬರೆದಳು. ತಕ್ಷಣ ಉತ್ತರ ಬಂತು: "ಇವೆ. ಎರಡೂ ಮಹಾ ಸೋಮಾರಿಗಳು." ಅದನ್ನು ಓದಿ ಅವಳು ಎಷ್ಟು ಜೋರಾಗಿ ನಕ್ಕಳೆಂದರೆ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ಕೂತರು.

ಆ 'ಆಚೆದಡ' ಈ ಶನಿವಾರ ಬಳಗದ ತಿಂಡಿಕೂಟಕ್ಕೆ ಮೊದಲ ಸಲ ಬರುವವನಿದ್ದ.

---

ಹೆದ್ದಾರಿ ಪಕ್ಕದ ಆ ಪ್ಯಾನ್‌ಕೇಕ್ ಹೋಟೆಲಿನಲ್ಲಿ ಬಳಗದವರಿಗೆಂದೇ ಮೂಲೆಯ ಉದ್ದನೆ ಮೇಜು. ಯಜಮಾನಿಕೆ ವಿಲ್ಮಾ ಹಾರ್ಗ್ರೋವ್ ಅವರದು. ಪಾರ್ಕಿನ ಬಾಗಿಲಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತರಾದ ದಪ್ಪನೆಯ ಅಜ್ಜಿ. ಅಭಿಮಾನಿಗಳು ಸೇರಿದರೆ ಮೀನು ಮಾರುಕಟ್ಟೆಯೇ ವಾಸಿ ಎಂಬುದು ಗೊತ್ತಿದ್ದ ಅವರು ಒಂದು ನಿಯಮ ಮಾಡಿದ್ದರು. ಪ್ಯಾನ್‌ಕೇಕಿನ ಮೇಲೆ ಸುರಿಯುವ ಸಿರಪ್ ಬಾಟಲಿ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತು. ಉಳಿದವರು ಒಣ ಪ್ಯಾನ್‌ಕೇಕ್ ತಿನ್ನುತ್ತ ಕೇಳಬೇಕು.

"ಬಂದ್ಯಾ ಮಗಳೇ? ಏನಿವತ್ತು ಹಳದಿ ಅಂಗಿ?" ಎಂದು ವಿಲ್ಮಾ ಕಣ್ಣು ಕಿರಿದು ಮಾಡಿದರು.

"ಒಗೆದಿದ್ದು ಇದೊಂದೇ ಇತ್ತು."

"ಹೂಂ. ಓಲೆನೂ ಒಗೆದಿದ್ದು ಅದೊಂದೇ ಇತ್ತೇನೋ."

ಒಡಾಲಿಸ್ ಉತ್ತರಿಸುವಷ್ಟರಲ್ಲಿ ಹೋಟೆಲಿನ ಬಾಗಿಲು ತೆರೆಯಿತು. ಬ್ಯಾಟರಿ ಗಾಲಿಕುರ್ಚಿಯೊಂದು ಮೆಲ್ಲನೆ ಗುಂಯ್‌ಗುಡುತ್ತ ಒಳಗೆ ಬಂತು. ಅದರ ಬೆನ್ನಿಗೆ ಏಳು ಕಂದೀಲುಗಳ ಸ್ಟಿಕ್ಕರು. ಕೂತವನಿಗೆ ಮೂವತ್ತೈದರ ಆಸುಪಾಸು, ಕಿವಿಯ ಬಳಿ ಅಕಾಲದಲ್ಲಿ ಬೆಳ್ಳಗಾದ ಕೂದಲು, ಉದ್ದ ಬೆರಳುಗಳು. ಅವನು ಮೇಜಿನ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದು ಹಳದಿ ಅಂಗಿಯ ಮೇಲೆ ಕಣ್ಣು ನಿಲ್ಲಿಸಿದ. ಎಡಗಡೆಯ ಹುಬ್ಬು ಮೇಲೆದ್ದಿತು.

"ಕಿತ್ತಳೆ ನೀವೇ ಅಲ್ವಾ? ಮುಖದಲ್ಲೇ ಕೋಪ ಕಾಣ್ತಿದೆ. ನಾನು ರೋಲಂಡ್ ಟಾಲಿ. ಆಚೆದಡ."

ಒಡಾಲಿಸ್‌ಳ ಕಣ್ಣು ಗಾಲಿಗಳ ಮೇಲೆ ನಿಂತಿತು. ಕಾಲಿಲ್ವಾ ನಿಮಗೆ. ಅವಳೇ ಬರೆದಿದ್ದಳು. ಊರವರೆಲ್ಲ ಓದುವ ಹಾಗೆ. ಹಾಳು ಬಾಯಿ, ಹಾಳು ಬೆರಳು, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಎದ್ದು ಕುರ್ಚಿಗಳನ್ನು ದಡಬಡನೆ ಸರಿಸಿದಳು, ಅವನ ಮುಂದೆ ತಟ್ಟೆಯಿಟ್ಟು ತನ್ನ ಪ್ಯಾನ್‌ಕೇಕನ್ನೇ ಬಡಿಸಿದಳು, ಬೆಣ್ಣೆಯಿಟ್ಟಳು, ಯಾರೂ ಕೇಳದಿದ್ದರೂ ಚಮಚ ಒರೆಸಿಟ್ಟಳು.

"ನಿಮ್ಮ ತಟ್ಟೇಲಿರೋದು ನನಗೆ ಯಾಕೆ ಇಡ್ತಿದೀರಿ?" ಎಂದ ರೋಲಂಡ್. ಅವನ ಕೆನ್ನೆಯಲ್ಲಿ ಗುಳಿ ಬಿತ್ತು. "ವಿಷ ಹಾಕಿದೀರಾ?"

ಮೇಜೆಲ್ಲ ನಕ್ಕಿತು. ಅವನು ಶಾಲಾ ಬ್ಯಾಂಡುಗಳ ಕಹಳೆ, ಕ್ಲಾರಿನೆಟ್‌ಗಳನ್ನು ರಿಪೇರಿ ಮಾಡುವವನಂತೆ. ಮಾತಾಡುವಾಗ ಬೆರಳುಗಳು ಕಾಣದ ವಾದ್ಯದ ಗುಂಡಿಗಳನ್ನು ಒತ್ತುವಂತೆ ಮೇಜಿನ ಮೇಲೆ ಆಡುತ್ತಿದ್ದವು. ಸಿರಪ್ ಬಾಟಲಿ ಸಿಕ್ಕಿದ್ದೇ ತಡ, ಇಡಿ ಸೇತುವೆಯ ಪರವಾಗಿ ಅವನು ಎಂಥ ಭಾಷಣ ಮಾಡಿದನೆಂದರೆ, ಮುರುಕು ಪಕ್ಷದವರೂ ತಿನ್ನುವುದನ್ನು ಮರೆತರು. ಮಾತಿನ ನಡುವೆ ನಡುವೆ ಒಡಾಲಿಸ್‌ಳತ್ತ ನೋಡುತ್ತಿದ್ದ. ಬಾ, ಬಾ, ನಿನ್ನ ಸರದಿ ಬರಲಿ ಎನ್ನುವ ನೋಟ. ತಿಂಗಳುಗಳಿಂದ ಅವಳು ಕಾದಿದ್ದ ನೋಟ ಅದೇ. ಈಗ ಅದನ್ನು ನೋಡಲಾಗದೆ ಅವಳು ತಟ್ಟೆ ನೋಡುತ್ತಿದ್ದಳು.

ಮಾತು ಮುಗಿಸಿ ಅವನು ಬಾಟಲಿಯನ್ನು ಅವಳ ಮುಂದೆ ಸರಿಸಿದ. "ತಗೊಳ್ಳಿ. ಕೊಲ್ಲಿ ನನ್ನ."

ಒಡಾಲಿಸ್ ಬಾಟಲಿ ಹಿಡಿದಳು. "ನಾನು... ನನಗೇನೂ ಹೇಳೋದಿಲ್ಲ," ಎಂದಳು. "ಅವರು ಹೇಳಿದ್ದು ಸರಿ. ಸೇತುವೆ ಇಡಿಯಾಗೇ ಇರಲಿ. ನಾನು ಸೋತೆ. ಮನವಿ ಇವತ್ತೇ ತೆಗೆದುಹಾಕ್ತೀನಿ."

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. "ಎಂಥ ದೊಡ್ಡ ಮನಸ್ಸು!" ಎಂದರು. ರೋಲಂಡ್ ಮಾತ್ರ ತಟ್ಟಲಿಲ್ಲ. ಅವನ ಹುಬ್ಬು ಇಳಿಯಿತು, ಗುಳಿ ಮಾಯವಾಯಿತು. ಸಭ್ಯವಾಗಿ ತಲೆದೂಗಿ, ಅರ್ಧ ಪ್ಯಾನ್‌ಕೇಕ್ ತಿಂದು, ರಿಪೇರಿ ಕೆಲಸವಿದೆ ಎಂದು ಹೇಳಿ ಹೊರಟುಹೋದ.

ಒಳ್ಳೆಯದು ಮಾಡಿದೆನಲ್ಲ ಎಂದುಕೊಂಡು ಒಡಾಲಿಸ್ ಮನೆಗೆ ಬಂದಳು. ಹಾಗಿದ್ದರೆ ಅವನು ಪ್ಯಾನ್‌ಕೇಕ್ ಅರ್ಧಕ್ಕೇ ಬಿಟ್ಟು ಹೋದದ್ದು ಯಾಕೆ ಎಂಬುದು ಅವಳಿಗೆ ತಿಳಿಯಲಿಲ್ಲ.

---

ಆಮೇಲಿನ ವಾರಗಳಲ್ಲಿ ಅವಳು ಬಲು ಒಳ್ಳೆಯವಳಾದಳು. ರೋಲಂಡ್ ಏನು ಬರೆದರೂ "ನಿಜ," "ಚೆನ್ನಾಗಿ ಹೇಳಿದ್ರಿ" ಎಂದು ಬರೆಯುತ್ತಿದ್ದಳು. ಅವನು ಕೆಣಕಿದ. ಇಲ್ವಾ ಪಾತ್ರ ಮಹಾ ಪೆದ್ದು ಎಂದ. ಮೂರನೆಯ ಸಿನಿಮಾವೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದ. ಇದು ಆ ಬಳಗದಲ್ಲಿ ತಾಯಿಯನ್ನು ಬೈದದ್ದಕ್ಕೆ ಸಮ. ಅವಳು ಹಲ್ಲು ಕಚ್ಚಿಕೊಂಡು "ಅದೂ ಒಂದು ದೃಷ್ಟಿ" ಎಂದು ಬರೆದಳು. ಅವನು ಬರೆಯುವುದು ಕಡಿಮೆಯಾಯಿತು. ಕೊನೆಗೆ ಒಂದು ದಿನ ಅವಳಿಗೊಬ್ಬಳಿಗೇ ಸಂದೇಶ ಬಂತು: "ಭಾನುವಾರ ಪಾರ್ಕಿಗೆ ಬರ್ತೀರಾ? ಗೋಡೆ ಹತ್ರ ಸಿಗೋಣ."

ಗೋಡೆಯೆಂದರೆ, ಕಟ್ಟಡದ ಕೆಲಸ ಕಾಣದಿರಲೆಂದು ಪಾರ್ಕಿನವರು ಸುತ್ತ ನಿಲ್ಲಿಸಿದ್ದ ಹಲಗೆಯ ಬೇಲಿ. ಅದರ ಮೇಲೆ ಸಮುದ್ರದ ಚಿತ್ರ. ಅಭಿಮಾನಿಗಳಿಗೆ ಅದೇ ಒಂದು ಕ್ಷೇತ್ರ. ಹಲಗೆಯ ಸಂದಿಗಳಿಗೆ ಕಣ್ಣು ಹಚ್ಚಿ, ಒಳಗೆ ಕಂಡ ಸಿಮೆಂಟಿನ ಗುಡ್ಡೆಯೊಂದು ಇಲ್ವಾಳ ಮನೆಯೋ ಶೌಚಾಲಯವೋ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುವವರು ಅವರು.

ರೋಲಂಡ್ ಮೊದಲೇ ಬಂದಿದ್ದ. "ಇಲ್ನೋಡಿ, ನನ್ನ ಸ್ವಂತ ಕಿಂಡಿ," ಎಂದು ಹಲಗೆಯ ಕೆಳಗಿನ ಭಾಗದಲ್ಲಿದ್ದ ಮರದ ಗಂಟು ಉದುರಿ ಆದ ತೂತನ್ನು ತೋರಿಸಿದ. "ಈ ಎತ್ತರದಲ್ಲಿ ಪೈಪೋಟಿನೇ ಇಲ್ಲ."

ಅವಳು ಬಗ್ಗಿ ನೋಡಿದಳು. ಅವನ ಅಂಗಿಯ ಸೋಪಿನ ವಾಸನೆ, ಲೋಹ ಉಜ್ಜುವ ಎಣ್ಣೆಯ ವಾಸನೆ ಮೂಗಿಗೆ ಬಂತು. ಒಳಗೆ ಏನಿತ್ತೆಂದು ಅವಳಿಗೆ ಆಮೇಲೆ ನೆನಪೇ ಇರಲಿಲ್ಲ.

ಅಷ್ಟರಲ್ಲಿ ಪಾನೀಯದ ಗಾಡಿಯ ಹುಡುಗಿ ಹತ್ತಿರ ಬಂದು ಒಡಾಲಿಸ್‌ಳನ್ನು ಕೇಳಿದಳು, "ಇವರಿಗೇನು ಬೇಕಂತೆ?"

"ನೀರು ಕೊಡಿ," ಎಂದಳು ಒಡಾಲಿಸ್, ಯೋಚಿಸದೆ. "ತಣ್ಣಗಿರಲಿ."

ಹುಡುಗಿ ನೀರಿನ ಬಾಟಲಿ ಕೊಟ್ಟು ಹೋದಳು. ರೋಲಂಡ್ ಆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತ.

"ನನಗೆ ಬೇಕಾಗಿದ್ದು ನಿಂಬೆ ಚಹಾ," ಎಂದ.

"ಅಯ್ಯೋ, ಕರೀತೀನಿ ತಾಳಿ..."

"ಬೇಡ. ಕೂತ್ಕೊಳ್ಳಿ ಸ್ವಲ್ಪ." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನೀವು ನನ್ನ ಹತ್ರ ಜಗಳ ಆಡೋದು ಯಾಕೆ ಬಿಟ್ರಿ?"

"ನಿಮ್ಮ ಮಾತು ಸರಿ ಅನ್ನಿಸ್ತು."

"ಯಾವಾಗ ಅನ್ನಿಸ್ತು? ನಾನು ಮಾತಾಡಿದ್ಮೇಲಾ, ಬಾಗಿಲಲ್ಲಿ ಬಂದಾಗ್ಲಾ?"

ಒಡಾಲಿಸ್ ಹಲಗೆಯ ತೂತಿನತ್ತ ಮುಖ ತಿರುಗಿಸಿದಳು.

"ಇಪ್ಪತ್ತೆರಡನೇ ವಯಸ್ಸಲ್ಲಿ ಬೈಕಿಂದ ಬಿದ್ದೆ," ಎಂದ ರೋಲಂಡ್. "ಅವತ್ತಿಂದ ನಾನು ಎಲ್ಲಾದ್ರಲ್ಲೂ ಗೆಲ್ತೀನಿ. ಇಸ್ಪೀಟಲ್ಲಿ ಗೆಲ್ತೀನಿ. ನನ್ನ ತಮ್ಮ ಮೊದಲು ಮಾತೆತ್ತಿದ್ರೆ ಹೊಡೀತಿದ್ದ, ಈಗ 'ನೀನು ಹೇಳಿದ್ದೇ ಸರಿ ಕಣಣ್ಣ' ಅಂತಾನೆ. ಒಂದು ಹುಡುಗಿ ನನ್ನ ಜೊತೆ ವರ್ಷ ಓಡಾಡಿದ್ಲು, ಒಂದು ದಿನಾನೂ ಬಯ್ಲಿಲ್ಲ. ನನಗೆ ಬೇಜಾರಾಗಿ ನಾನೇ ಬಿಟ್ಟೆ. ಆಮೇಲೆ ನೀವು ಸಿಕ್ಕಿದ್ರಿ. 'ಕಾಲಿಲ್ವಾ ನಿಮಗೆ' ಅಂದ್ರಿ. ಅವತ್ತು ಎಷ್ಟು ಖುಷಿಯಾಯ್ತು ಗೊತ್ತಾ? ಊರಿಗೆಲ್ಲ ಸಿಹಿ ಹಂಚೋಣ ಅನ್ನಿಸ್ತು."

"ನನಗೆ ಗೊತ್ತಿರ್ಲಿಲ್ಲ ರೋಲಂಡ್..."

"ಅದೇ. ಗೊತ್ತಿಲ್ದೆ ಇದ್ದಾಗ ನಾನು ನಿಮಗೆ ಸರಿಸಮ. ಗೊತ್ತಾದ ತಕ್ಷಣ ನೀರು ಕೊಡಿಸ್ತೀರಿ." ಅವನು ಸಿಟ್ಟಿನಲ್ಲಿರಲಿಲ್ಲ, ದಣಿದಿದ್ದ. "ನೀವು ನಿಜವಾಗ್ಲೂ ಸೋತಿದ್ರೆ ನಾನು ಇವತ್ತು ಕುಣೀತಿದ್ದೆ. ನಿಮ್ಮ ಹತ್ರ ಒಳ್ಳೇ ವಾದ ಇನ್ನೂ ಒಂದು ಉಳಿದಿದೆ ಅಂತ ನನಗೆ ಅನ್ನಿಸ್ತಿತ್ತು. ಅದಕ್ಕೇ ಕಾಯ್ತಿದ್ದೆ. ಇನ್ನು ಕಾಯಲ್ಲ. ಬಳಗಕ್ಕೂ ಬರಲ್ಲ ಬಿಡಿ."

ಕುರ್ಚಿ ತಿರುಗಿತು. ಜನರ ನಡುವೆ ಏಳು ಕಂದೀಲುಗಳ ಸ್ಟಿಕ್ಕರು ಸಣ್ಣದಾಗುತ್ತ ಹೋಯಿತು. ಓಡಿಹೋಗಿ ತಡೆಯಬೇಕೆಂದು ಅವಳ ಕಾಲು ತುಡಿಯಿತು. ತಡೆದು ಹೇಳುವುದಾದರೂ ಏನು? ಕ್ಷಮಿಸಿ ಎಂದರೆ ಅದೂ ಒಂದು ಬಾಟಲಿ ನೀರೇ.

ಅವಳು ಗೋಡೆಯ ಬಳಿ ನಿಂತೇ ಇದ್ದಳು. ಬಂದವರೆಲ್ಲ ಹಲಗೆಗೆ ಕಣ್ಣು ಹಚ್ಚುತ್ತಿದ್ದರು. ದುಬಾರಿ ಟಿಕೆಟ್ ಕೊಂಡು ಎಲ್ಲ ಸಾಲುಗಳಲ್ಲೂ ಮುಂದೆ ನುಗ್ಗುವ ಗುಂಪೊಂದು ಬಂತು, ನಿಂತು ಇಣುಕಿತು. ಮಗುವನ್ನು ಹೆಗಲ ಮೇಲೆ ಹೊತ್ತ ತಾಯಿ ಬಂದಳು, ಊರುಗೋಲಿನ ಮುದುಕ ಬಂದ. ಬೇಲಿಯ ಮುಂದೆ ಎಲ್ಲರೂ ಒಂದೇ ಕಡೆ ನಿಂತರು. ಒಳಗೆ ಯಾರಿಗೂ ಪ್ರವೇಶವಿರಲಿಲ್ಲ. ಅದನ್ನೇ ನೋಡುತ್ತಿದ್ದವಳಿಗೆ ಥಟ್ಟನೆ ಒಂದು ವಾದ ಹೊಳೆಯಿತು. ಅವಳು ಅಲ್ಲೇ ನೆಲದ ಮೇಲೆ ಕೂತು ಫೋನು ತೆಗೆದು, ಬಳಗದವರೆಲ್ಲ ಓದುವಂತೆ ಬರೆದಳು:

"ಆಚೆದಡದವರೇ, ನಾನು ಸೋತೆ ಅಂದಿದ್ದು ಸುಳ್ಳು. ಮನವಿ ಮತ್ತೆ ಹಾಕ್ತಿದೀನಿ. ಈ ಪಾರ್ಕಿನಲ್ಲಿ ಎಲ್ಲಾ ಕಡೆ ಯಾರೋ ಒಬ್ರು ಮುಂದೆ ಹೋಗ್ತಾರೆ. ದುಡ್ಡಿರೋರು, ಬೇಗ ಎದ್ದೋರು, ಗಟ್ಟಿ ಕಾಲಿರೋರು. ಸೇತುವೆ ಇಡಿಯಾಗಿ ಕಟ್ಟಿದ್ರೆ ಅದರ ಮೇಲೂ ಓಡೋರು ಓಡ್ತಾರೆ, ನೀವು ಅವರ ಬ್ಯಾಗು ನೋಡ್ಕೊಂಡು ಹಿಂದೆ ಉಳೀತೀರಿ. ಮುರಿದ ಸೇತುವೆ ಹತ್ರ ಮಾತ್ರ ಎಲ್ಲರೂ ನಿಲ್ಲಲೇಬೇಕು. ನಾನೂ, ನೀವೂ, ಓಟದ ಚಾಂಪಿಯನ್ನೂ. ಅಲ್ಲಿ ಯಾರ ಕಾಲಿಗೂ ಕವಡೆ ಕಿಮ್ಮತ್ತಿಲ್ಲ. ಅಂಥ ಜಾಗ ಇಡೀ ಪಾರ್ಕಿಗೆ ಒಂದೇ ಒಂದು ಇರಬಹುದಾಗಿತ್ತು. ಅದಕ್ಕೆ ಅಡ್ಡ ಬರ್ತಿರೋದು ನೀವು. ನಾಚಿಕೆ ಆಗ್ಬೇಕು ನಿಮಗೆ."

ಕಳುಹಿಸಿ, ಫೋನನ್ನು ಚೀಲದೊಳಗೆ ತುರುಕಿದಳು.

ಬಳಗ ಹೊತ್ತಿ ಉರಿಯಿತು. ಕಲ್ಲು ಹೃದಯದವಳು ಎಂದರು. ಗಾಲಿಕುರ್ಚಿಯವನಿಗೆ ನಾಚಿಕೆ ಆಗಬೇಕಂತೆ, ಇವಳಿಗಲ್ಲವೇ ಆಗಬೇಕಾದ್ದು ಎಂದರು. ಚಪ್ಪಾಳೆ ತಟ್ಟಿದ ಕೈಗಳೇ ಈಗ ಕಲ್ಲೆತ್ತಿಕೊಂಡವು. ವಿಲ್ಮಾ ಫೋನು ಮಾಡಿದರು.

"ನಿನಗೇನು ದೆವ್ವ ಹಿಡ್ದಿದ್ಯೇನೇ? ಅದನ್ನ ತೆಗಿ ಮೊದ್ಲು. ಆ ಹುಡುಗ ಎಷ್ಟು ನೊಂದ್ಕೋತಾನೆ."

"ಅವನು ನೊಂದ್ಕೊಂಡ್ರೆ ಅವನೇ ಹೇಳ್ಲಿ ವಿಲ್ಮಾ. ಅವನ ಬಾಯಿ ನಮ್ಮ ನಿಮ್ಮದಕ್ಕಿಂತ ಜೋರಾಗಿದೆ."

"ಓ," ಎಂದರು ವಿಲ್ಮಾ. "ಹಂಗಾ ವಿಷಯ? ಹಳದಿ ಅಂಗಿ ದಿನಾನೇ ನನಗೆ ಅನುಮಾನ ಇತ್ತು. ಹಾಗಿದ್ರೆ ತೆಗೀಬೇಡ."

ಅವನ ಉತ್ತರ ಮಾತ್ರ ಬರಲಿಲ್ಲ. ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಒಡಾಲಿಸ್ ಹಲ್ಲು ಶುಚಿ ಮಾಡುವಾಗ ಯಾರೊಂದಿಗೂ ಮಾತಾಡಲಿಲ್ಲ. ಬಂದವರು ಇವರಿಗೆ ಹುಷಾರಿಲ್ಲವೇ ಎಂದು ಡಾಕ್ಟರನ್ನು ಕೇಳಿದರು. ಅವನನ್ನು ಕಳೆದುಕೊಂಡೆನೇ ಎಂದು ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತಿದ್ದಳು. ಬರೀ ಎದುರಾಳಿಗೆ ಯಾರೂ ಹೀಗೆ ಕಾಯುವುದಿಲ್ಲ ಎಂಬುದನ್ನು ಅವಳು ಆಗ ತನಗೆ ತಾನೇ ಒಪ್ಪಿಕೊಂಡಳು.

ಗುರುವಾರ ಮಧ್ಯಾಹ್ನ ಫೋನು ಮಿಣುಕಿತು.

"ನಾಚಿಕೆ ಆಗ್ತಿದೆ. ಈ ವಾದ ನನಗೆ ಹೊಳೀಲಿಲ್ಲವಲ್ಲ ಅಂತ. ನಾಲ್ಕು ದಿನ ಇದಕ್ಕೆ ಉತ್ತರ ಹುಡುಕಿದೆ, ನಿದ್ದೆ ಕೆಡಿಸಿದ್ರಿ. ಸಿಕ್ತು. ಪಾರ್ಕಿನ ನಕ್ಷೆ ನೋಡಿ, ಹೋಟೆಲು ಆಚೆ ದಡದಲ್ಲಿದೆ. ಹಸಿದೋನಿಗೆ ಸಮಾನತೆ ಬೇಡ ಮೇಡಂ, ಸೇತುವೆ ಬೇಕು."

ಒಡಾಲಿಸ್ ಔಷಧಿಯ ಕಪಾಟಿನ ಹಿಂದೆ ನಿಂತು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬರೆದಳು: "ಡಬ್ಬಿ ಕಟ್ಕೊಂಡು ಬನ್ನಿ."

---

ಹೊಸ ಊರು ಎಲ್ಲರಿಗೂ ತೆರೆಯುವ ಮುನ್ನ, ವರ್ಷದ ಪಾಸು ಇರುವವರಿಗೆ ಒಂದು ದಿನ ಮುಂಚಿತ ಪ್ರವೇಶ. ಒಳಗೆ ಹೋಗಲು ಎರಡು ಬಾಗಿಲು, ದಡಕ್ಕೊಂದು. ಒಡಾಲಿಸ್ ಇಲ್ವಾಳ ದಡ ಆರಿಸಿಕೊಂಡಳು, ರೋಲಂಡ್ ಒರೆನ್‌ನ ದಡ. ಅಷ್ಟು ದಿನಗಳ ಜಗಳದಲ್ಲಿ ಅವರು ಒಮ್ಮತಕ್ಕೆ ಬಂದ ವಿಷಯ ಇದೊಂದೇ: ಸೇತುವೆಯ ಮಧ್ಯೆ ಭೇಟಿಯಾಗುವುದು, ತೀರ್ಪು ಅಲ್ಲೇ ಕೊಡುವುದು. ಬೇಲಿಯ ಸಂದಿಗಳನ್ನು ಮುಚ್ಚಿ ಅದನ್ನು ಮುಗಿಲೆತ್ತರಕ್ಕೇರಿಸಿದ ಮೇಲೆ ಸೇತುವೆ ಏನಾಗಿದೆಯೆಂದು ಹೊರಗಿನವರಾರೂ ನೋಡಿರಲಿಲ್ಲ.

ಅವಳು ಕಲ್ಲಿನ ಕಮಾನು ದಾಟಿ ಸೇತುವೆಯ ಮೇಲೆ ಬಂದಳು. ಪಾಚಿಗಟ್ಟಿದ ಕಟಕಟೆ, ಬಿರುಕು ಬಿಟ್ಟ ಚಪ್ಪಡಿ, ಎಲ್ಲ ಸಿನಿಮಾದಲ್ಲಿದ್ದ ಹಾಗೆಯೇ. ಅವಳ ಕಣ್ಣು ತುಂಬಿತು. ನಡುವಿಗೆ ಬಂದು ನೋಡಿದರೆ ಕಲ್ಲು ಅಲ್ಲಿಗೆ ಮುರಿದು ನಿಂತಿತ್ತು. ಎದುರಿಗೆ ಆ ಕಡೆಯ ಕಲ್ಲು ಶುರುವಾಗಿತ್ತು. ನಡುವೆ, ಈ ಮುರುಕಿನಿಂದ ಆ ಮುರುಕಿನವರೆಗೆ, ದಪ್ಪ ಗಾಜು ಹಾಸಿದ್ದರು. ಗಾಜಿನ ಕೆಳಗೆ ಎಷ್ಟೋ ಆಳದಲ್ಲಿ ನೀರು ನೊರೆಯುಕ್ಕಿ ಹರಿಯುತ್ತಿತ್ತು.

ಆ ತುದಿಯಲ್ಲಿ ರೋಲಂಡ್ ಬಂದು ನಿಂತಿದ್ದ. ಇಬ್ಬರೂ ಗಾಜನ್ನು ನೋಡಿದರು, ಮುಖ ಮುಖ ನೋಡಿಕೊಂಡರು.

"ಇದೇನ್ರೀ ಇದು?" ಎಂದು ಒಡಾಲಿಸ್ ಈ ತುದಿಯಿಂದ ಕೂಗಿದಳು. "ಮುರಿದೂ ಇಲ್ಲ, ಇಡಿಯಾಗೂ ಇಲ್ಲ!"

"ಎಲ್ಲರನ್ನೂ ಮೆಚ್ಚಿಸೋಕೆ ಹೋದ್ರೆ ಹಿಂಗೇ ಆಗೋದು!" ಎಂದು ಅವನು ಆ ತುದಿಯಿಂದ ಕೂಗಿದ. "ನಿಮ್ಮ ಮನವಿನೇ ಕಾರಣ!"

"ನಿಮ್ಮ ಚಿಕ್ಕಪ್ಪನೇ ಕಟ್ಟಿರ್ಬೇಕು! ಬನ್ನಿ ಈ ಕಡೆ, ಮುಖಾಮುಖಿ ಬಯ್ತೀನಿ."

ಅವನು ಬರಲಿಲ್ಲ. ಕುರ್ಚಿಯ ಮುಂದಿನ ಗಾಲಿಗಳು ಗಾಜಿನ ಅಂಚಿಗೆ ಬಂದು ನಿಂತಿದ್ದವು. ಅವನ ಬೆರಳುಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು.

"ಏನಾಯ್ತು?"

"ಏನಿಲ್ಲ."

"ಮುಖ ಬಿಳಿಚ್ಕೊಂಡಿದೆ!"

"ಎತ್ತರ ಕಣ್ರೀ!" ಎಂದು ಅವನು ಕೊನೆಗೆ ಕಿರುಚಿದ. "ನನಗೆ ಎತ್ತರ ಆಗಲ್ಲ! ಕಾಲು ನೆಟ್ಟಗಿದ್ದಾಗ್ಲೂ ಏಣಿ ಹತ್ತಿದೋನಲ್ಲ. ಕಲ್ಲು ಹಾಕ್ತಾರೆ ಅಂತ ಅಲ್ವಾ ನಾನು ವಾದ ಮಾಡಿದ್ದು? ಈ ಕುರ್ಚಿ ತೂಕ ಎಷ್ಟು ಗೊತ್ತಾ ನಿಮಗೆ?"

ಒಂದು ಕ್ಷಣ ಒಡಾಲಿಸ್‌ಳ ಕಾಲು ಮುಂದೆ ಹೋಯಿತು, ಓಡಿಹೋಗಿ ಕುರ್ಚಿ ಹಿಡಿಯಬೇಕೆಂದು. ಅವಳು ನಿಂತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ವರ್ಷವಿಡೀ ಸೇತುವೆ ಬೇಕು ಸೇತುವೆ ಬೇಕು ಎಂದು ಊರೆಲ್ಲ ಡಂಗುರ ಹೊಡೆದವನು ಸೇತುವೆಯ ಮೇಲೆ ಇಂಗು ತಿಂದ ಮಂಗನಂತೆ ಕೂತಿದ್ದ. ಅವಳ ನಗು ನಿಲ್ಲಲಿಲ್ಲ. ಮೊದಲು ಅವನ ಹುಬ್ಬು ಎದ್ದಿತು, ಆಮೇಲೆ ಕೆನ್ನೆಯಲ್ಲಿ ಗುಳಿ ಬಿತ್ತು, ಕೊನೆಗೆ ಅವನೂ ನಗತೊಡಗಿದ.

"ನಗಿ, ನಗಿ. ಕರುಣೆ ಇಲ್ದೋಳು!"

"ಕರುಣೆ ಬೇಡ ಅಂದಿದ್ದು ಯಾರು? ಸೋತೆ ಅಂತ ಒಪ್ಕೊಳ್ಳಿ, ನಾನೇ ಆ ಕಡೆ ಬರ್ತೀನಿ."

"ಸತ್ರೂ ಒಪ್ಪಲ್ಲ!"

ಎರಡೂ ಕಡೆ ಜನ ಗುಂಪುಗೂಡುತ್ತಿದ್ದರು. ಮುರುಕು ತುದಿಗಳಲ್ಲಿ ಒಬ್ಬಳು ಹೆಣ್ಣು, ಒಬ್ಬ ಗಂಡು, ನಡುವೆ ಕಂದರ. ಪಾರ್ಕಿನವರೇ ನಾಟಕ ಆಡಿಸುತ್ತಿದ್ದಾರೆಂದು ಎಲ್ಲರೂ ಫೋನು ಹೊರತೆಗೆದು ಚಿತ್ರ ಹಿಡಿಯತೊಡಗಿದರು. "ಇಲ್ವಾ ಪಾರ್ಟಿನವಳು ಚೆನ್ನಾಗಿ ಮಾಡ್ತಾಳೆ," ಎಂದು ಯಾರೋ ಪಿಸುಗುಟ್ಟಿದ್ದು ಒಡಾಲಿಸ್‌ಗೆ ಕೇಳಿತು. ಅವಳಿಗೆ ಕಿವಿ ಬಿಸಿಯಾಯಿತು.

ರೋಲಂಡ್ ಗುಂಪಿನತ್ತ ನೋಡಲಿಲ್ಲ. ಅವನ ನಗು ಮೆಲ್ಲನೆ ಇಳಿದು, ಕಣ್ಣಿನಲ್ಲಿ ಬೇರೆಯೇ ಒಂದು ಬೆಳಕು ಉಳಿಯಿತು.

"ಒಡಾಲಿಸ್," ಎಂದ. ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀವು ಸೋತೆ ಅಂದ ದಿನ ನಾನು ಮನೆಗೆ ಹೋಗಿ ಒಂದು ಕಹಳೆನ ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಅದಕ್ಕೇನೂ ಆಗಿರ್ಲಿಲ್ಲ. ನೀವಿಲ್ದೆ ಗೆದ್ದು ನಾನೇನು ಮಾಡ್ಲಿ? ನನಗೆ ನೀವು ಬೇಕು. ದಿನಾ ಬೇಕು. ಬೆಳಗ್ಗೆ ಎದ್ದ ತಕ್ಷಣ ಬಯ್ಯೋಕೆ ಬೇಕು."

"ಇದು ಯಾವ ಸಿನಿಮಾದ ಡೈಲಾಗು?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ. "ಎರಡನೇದು ಇರ್ಬೇಕು," ಎಂದ ಇನ್ನೊಬ್ಬ. "ಸುಮ್ನಿರ್ರೋ!" ಎಂದು ಯಾರೋ ಹೆಂಗಸು ಗದರಿದಳು.

ಒಡಾಲಿಸ್ ಹಳದಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. "ನನಗೂ," ಎಂದಳು. ಸಾಲದೆನ್ನಿಸಿ ಗಂಟಲು ಸರಿಮಾಡಿಕೊಂಡು ಇಡೀ ಕಂದರಕ್ಕೆ ಕೇಳುವಂತೆ ಕೂಗಿದಳು, "ನನಗೂ ನೀವು ಬೇಕು! ನೀವು ಉತ್ತರ ಕೊಡದ ದಿನ ನನಗೆ ಅನ್ನ ಸೇರಲ್ಲ!"

ಜನ ಹೋ ಎಂದರು. ರೋ‌ಲಂಡ್ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡ. "ಅಲ್ಲೇ ಇರಿ," ಎಂದ. "ಬರ್ಬೇಡಿ. ನಾನು ಬರ್ತೀನಿ."

ಗಾಲಿಗಳು ಗಾಜಿನ ಮೇಲೆ ಏರಿದವು. ಅವನು ಕೆಳಗೆ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತ, ಆಮೆಗಿಂತ ಮೆಲ್ಲಗೆ ಬಂದ. ಒಡಾಲಿಸ್ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಂತಳು. ತನ್ನ ಜೀವಮಾನದಲ್ಲಿ ಅವಳು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು, ಏನೂ ಮಾಡದೆ ನಿಲ್ಲುವುದು. ನಟ್ಟನಡುವೆ ಕುರ್ಚಿ ನಿಂತಿತು. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ಹೋ ಅಂತ ಕೂಗಿದ ಜನ ಎಲ್ಲ ನೋಡ್ತಿದಾರೆ," ಎಂದಳು ಅವಳು, ಮಾಮೂಲಿ ದನಿಯಲ್ಲಿ. "ಬೇಗ ಬನ್ನಿ. ನನಗೆ ಹಸಿವಾಗ್ತಿದೆ." ಅವನು ಹಲ್ಲು ಕಡಿದು ನಕ್ಕ. ಕುರ್ಚಿ ಮತ್ತೆ ಹೊರಟಿತು.

ಗಾಲಿಗಳು ಈ ಕಡೆಯ ಕಲ್ಲನ್ನು ಮುಟ್ಟಿದಾಗ ಅವಳು ಬೆನ್ನ ಹಿಂದಿನ ಕೈಗಳನ್ನು ಬಿಡಿಸಿದಳು. ಅವನು ಬೆವರೊರೆಸಿಕೊಂಡು ತಲೆಯೆತ್ತಿದ.

"ದಾಟಿದೆ," ಎಂದ, ಏದುಸಿರಿನಲ್ಲಿ. "ಈಗ ಹೇಳು. ಸೇತುವೆ ಇದ್ದಿದ್ದು ಒಳ್ಳೇದಾಯ್ತೋ ಇಲ್ವೋ?"

ಅವನು 'ಹೇಳು' ಎಂದದ್ದು ಅವಳ ಎದೆಗೆ ತಾಗಿತು. ಅವಳು ಬಗ್ಗಿ, ಅಷ್ಟು ಜನರ ಮುಂದೆ, ಅವನ ಕೆನ್ನೆಯ ಗುಳಿಯ ಮೇಲೆ ಮುತ್ತಿಟ್ಟಳು. ಆಮೇಲೆ ತುಟಿಗೆ. ಎಡಹುಬ್ಬನ್ನು ಮೇಲೆತ್ತಿ ಅವನು ಇನ್ನೂ ಉತ್ತರಕ್ಕೆ ಕಾಯುತ್ತಲೇ ಇದ್ದ.

"ಇಲ್ಲ," ಎಂದಳು ಒಡಾಲಿಸ್. "ಮುರಿದೇ ಇರಬೇಕಿತ್ತು. ನೀನು ಆ ಕಡೆ ಕೂತು ನನ್ನನ್ನ ಇನ್ನೂ ಸ್ವಲ್ಪ ಹೊತ್ತು ಹೊಗಳ್ತಿದ್ದೆ."

ಜಗಳದಲ್ಲಿ ತಾನು ಹೂಡಿದ ವಾದವನ್ನು ತಾನೇ ನಂಬದಿದ್ದದ್ದು ಅವಳಿಗೆ ಅದೇ ಮೊದಲು. ಅದು ಅವನಿಗೂ ಗೊತ್ತಾಯಿತು. ಗೊತ್ತಾಗಿಯೂ ಅವನು ಅವಳ ಕೈಹಿಡಿದುಕೊಂಡು, "ಅದರಲ್ಲಿ ಎರಡು ತಪ್ಪಿದೆ, ಮೊದಲನೇದು ಏನಪ್ಪಾ ಅಂದ್ರೆ..." ಎಂದು ಶುರುಮಾಡಿದ.